ಸೀಸೆಗೆ ಬಿರಡೆ ಹಾಕಿದ ಮೇಲೆ

ದೂರದ ಸಂಶೋಧನಾ ಕೇಂದ್ರದಲ್ಲಿ ಸರೋವರದ ನೀರನ್ನು ಪರೀಕ್ಷಿಸುವವರಿಗೆ ಉಪಕರಣಗಳ ಕೊರತೆಗಿಂತ ದೊಡ್ಡ ತೊಡಕು ಸಮಯದ್ದು. ಸೀಸೆಗೆ ತುಂಬಿಕೊಂಡ ನೀರು ಇದ್ದ ಹಾಗೇ ಇರುವುದಿಲ್ಲ. ಅದರೊಳಗಿನ ಪಾಚಿ ಮತ್ತು ಬ್ಯಾಕ್ಟೀರಿಯಾಗಳು ಉಸಿರಾಡುತ್ತಲೇ ಇರುತ್ತವೆ, ಪೋಷಕಾಂಶಗಳನ್ನು ಹೀರುತ್ತಲೇ ಇರುತ್ತವೆ. ದೊಡ್ಡ ಪ್ರಯೋಗಾಲಯಕ್ಕೆ ಮಾದರಿ ತಲುಪಲು ವಾರಗಳೇ ಹಿಡಿಯುವ ಜಾಗದಲ್ಲಿ, ಯಾವುದನ್ನು ದೋಣಿಯಲ್ಲೇ ಅಳೆಯಬೇಕು, ಯಾವುದನ್ನು ಅಂದು ಸಂಜೆಯೊಳಗೆ ಸೋಸಬೇಕು, ಯಾವುದು ಕಾಯಬಲ್ಲದು ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ ದಡ ಬಿಡಬಾರದು.

ಉಷ್ಣತೆ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ದೋಣಿಯ ಕೆಲಸ. ಆಳದ ನೀರನ್ನು ಮೇಲಕ್ಕೆತ್ತಿದಾಗ ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಪಿಎಚ್ ಏರುತ್ತದೆ. ಮರುದಿನ ಕೇಂದ್ರದಲ್ಲಿ ಅಳೆದ ಅಂಕಿ ಸರೋವರದ್ದಲ್ಲ, ಸೀಸೆಯದ್ದು. ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು 1865ರಲ್ಲಿ ಇಟಲಿಯ ಆಂಜೆಲೊ ಸೆಕಿ ಬಳಸಿದ ಬಿಲ್ಲೆಯನ್ನೇ ನಾವು ಇಂದಿಗೂ ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಗುರುತಿಸುತ್ತೇವೆ. ಅದಕ್ಕೆ ಬ್ಯಾಟರಿ ಬೇಡ, ದುರಸ್ತಿಯೂ ಬೇಡ.

ಕರಗಿದ ಆಮ್ಲಜನಕದ ವಿಷಯದಲ್ಲಿ ನಾನು ಸ್ವಲ್ಪ ಹಳೆಯ ಕಾಲದವನು. ವಿದ್ಯುತ್ ಸಂವೇದಕಗಳು ಕೈಗೆ ಬಂದಿದ್ದರೂ, ಅವು ಹೇಳುವುದು ನಿಜವೇ ಎಂದು ತಾಳೆ ನೋಡಲು ಹಂಗೇರಿಯ ಲಾಯೋಷ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವನ್ನೇ ನೆಚ್ಚುತ್ತೇನೆ. 300 ಮಿಲಿಲೀಟರ್ ಗಾಜಿನ ಸೀಸೆಯ ತಳಕ್ಕೆ ರಬ್ಬರ್ ನಳಿಗೆಯನ್ನು ಮುಟ್ಟಿಸಿ, ಗುಳ್ಳೆಯೇಳದಂತೆ ನೀರು ತುಂಬಿಸಿ, ಗಾಳಿ ಸೋಕಿದ ಮೊದಲ ನೀರು ಹೊರಹೋಗುವವರೆಗೆ ಅದು ಉಕ್ಕಿ ಹರಿಯಲು ಬಿಡಬೇಕು. ಆಮೇಲೆ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ನೀರಿನ ಮಟ್ಟದ ಕೆಳಗೆ ಪಿಪೆಟ್ಟಿನಿಂದ ಬಿಟ್ಟು, ಬಿರಡೆ ಒತ್ತಿ, ಸೀಸೆಯನ್ನು ತಲೆಕೆಳಗಾಗಿಸಿ ಅಲುಗಿಸಿದರೆ ಕಂದು ಬಣ್ಣದ ಗಸಿ ಮೋಡದಂತೆ ಏಳುತ್ತದೆ. ಗಸಿ ಬಿಳಿಯಾಗಿಯೇ ಉಳಿದರೆ ಆ ಆಳದಲ್ಲಿ ಆಮ್ಲಜನಕವೇ ಇಲ್ಲ ಎಂದರ್ಥ. ಒಂದು ಅಂಕಿಯನ್ನೂ ಬರೆಯುವ ಮೊದಲೇ ಸರೋವರದ ತಳದ ಸ್ಥಿತಿ ಕಣ್ಣಿಗೆ ಕಾಣುತ್ತದೆ. ಇಷ್ಟಾದ ಸೀಸೆಯನ್ನು ಕತ್ತಲಲ್ಲಿಟ್ಟು ಕೆಲವು ಗಂಟೆ ಕಾಯಿಸಬಹುದು. ಕೇಂದ್ರಕ್ಕೆ ಮರಳಿ ಗಂಧಕಾಮ್ಲ ಸೇರಿಸಿದಾಗ ಗಸಿ ಕರಗಿ ಅಯೋಡಿನ್ನಿನ ಹಳದಿ ಬರುತ್ತದೆ. ಬ್ಯೂರೆಟ್ಟಿನಿಂದ ಥಯೋಸಲ್ಫೇಟ್ ಹನಿಸುತ್ತ ಹೋಗಿ, ಹಳದಿ ತೆಳುವಾದಾಗ ಪಿಷ್ಟದ ದ್ರಾವಣ ಹಾಕಿ, ಮೂಡಿದ ನೀಲಿ ಮಾಯವಾಗುವ ಹನಿಗೆ ನಿಲ್ಲಿಸಬೇಕು. ಖರ್ಚಾದ ಥಯೋಸಲ್ಫೇಟಿನ ಪ್ರಮಾಣದಿಂದ ನೀರಿನಲ್ಲಿದ್ದ ಆಮ್ಲಜನಕದ ಲೆಕ್ಕ ಸಿಗುತ್ತದೆ.

ರಂಜಕದ ಕಥೆ ಬೇರೆ. ಕೆನಡಾದ ಒಂಟಾರಿಯೊದ ಪ್ರಾಯೋಗಿಕ ಸರೋವರ ಪ್ರದೇಶದಲ್ಲಿ 1973ರಲ್ಲಿ 226ನೆಯ ಸಂಖ್ಯೆಯ ಸರೋವರವನ್ನು ಪರದೆಯಿಂದ ಎರಡಾಗಿ ವಿಭಾಗಿಸಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕವನ್ನೂ ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದಾಗ, ರಂಜಕ ಬಿದ್ದ ಭಾಗ ಪಾಚಿಯಿಂದ ಹಸಿರುಗಟ್ಟಿತು. ಅಷ್ಟು ಪ್ರಭಾವವುಳ್ಳ ಈ ಧಾತು ತಿಳಿನೀರಿನ ಸರೋವರಗಳಲ್ಲಿ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇರುವುದರಿಂದ, ಸೀಸೆ ತೊಳೆದ ಸಾಬೂನಿನ ಶೇಷ ಅಥವಾ ಬೆರಳಿನ ಬೆವರು ಕೂಡ ಫಲಿತಾಂಶವನ್ನು ಕೆಡಿಸಬಲ್ಲದು. ಆದ್ದರಿಂದ ಸೀಸೆಗಳನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಹಲವು ಬಾರಿ ಜಾಲಿಸುತ್ತೇವೆ. ಕರಗಿದ ಪೋಷಕಾಂಶಗಳಿಗಾಗಿ ನೀರನ್ನು 0.45 ಮೈಕ್ರಾನ್ ರಂಧ್ರದ ಸೋಸುಪೊರೆಯಲ್ಲಿ ಹಾಯಿಸಿ ಘನೀಕರಿಸುತ್ತೇವೆ. ಮೊದಲ ವರ್ಷ ನಾನು ಸೀಸೆಗಳನ್ನು ಕಂಠದವರೆಗೆ ತುಂಬಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಒಡೆದ ಮುಚ್ಚಳಗಳನ್ನೂ ಉಬ್ಬಿದ ಮಂಜುಗಡ್ಡೆಯನ್ನೂ ನೋಡಿದೆ. ಅಂದಿನಿಂದ ಸೀಸೆಯ ಕಾಲುಭಾಗ ಖಾಲಿ ಬಿಡುವುದು ರೂಢಿಯಾಗಿದೆ.

ಲೋಹಗಳ ಮಾದರಿಗೆ ನೈಟ್ರಿಕ್ ಆಮ್ಲ ಬೆರೆಸಿ ಪಿಎಚ್ 2ಕ್ಕಿಂತ ಕೆಳಗಿಳಿಸಿದರೆ ಅದು ತಿಂಗಳುಗಟ್ಟಲೆ ಕಾಯುತ್ತದೆ. ಸೂಕ್ಷ್ಮ ಪಾಚಿಗಳನ್ನು ಎಣಿಸುವ ಮಾದರಿಗೆ ಕೆಡದಂತೆ ಉಳಿಯಲು ತಿಳಿ ಚಹಾದ ಬಣ್ಣ ಬರುವಷ್ಟು ಲೂಗಾಲ್ ದ್ರಾವಣ, ಅಂದರೆ ಅಯೋಡಿನ್ ಬೆರೆತ ದ್ರಾವಣ, ಸಾಕು.

ಪ್ರತಿ ಸಲ ಶುದ್ಧ ನೀರಿನ ಒಂದು ಸೀಸೆಯೂ ನಮ್ಮೊಡನೆ ಸರೋವರಕ್ಕೆ ಹೋಗಿ ಬರುತ್ತದೆ. ಅದನ್ನು ದೋಣಿಯಲ್ಲೇ ತೆರೆದು, ಬೇರೊಂದು ಸೀಸೆಗೆ ಸುರಿದು, ಉಳಿದವುಗಳಂತೆಯೇ ಸೋಸಿ, ಘನೀಕರಿಸಿ ಕಳುಹಿಸುತ್ತೇವೆ. ವಾರಗಳ ನಂತರ ಬಂದ ವರದಿಯಲ್ಲಿ ನಾನು ಮೊದಲು ಹುಡುಕುವುದು ಆ ಸೀಸೆಯ ಅಂಕಿಯನ್ನು. ಅದರಲ್ಲಿ ಗಣನೀಯ ರಂಜಕ ಕಂಡುಬಂದರೆ, ಅದು ಸರೋವರದ್ದಲ್ಲ, ನಮ್ಮ ಕೈಯಿಂದಲೋ ಸೀಸೆಯಿಂದಲೋ ಬೆರೆತದ್ದು; ಆಗ ಆ ದಿನದ ಉಳಿದ ರಂಜಕದ ಅಂಕಿಗಳ ಮೇಲೆ ಪೆನ್ಸಿಲ್ಲಿನಿಂದ ಗೀರೆಳೆಯುತ್ತೇನೆ.