‘ತಕ್ವಾ’ ಚಿತ್ರದ ಮುಹರ್ರೆಮ್ ಕುಸಿಯುವುದು ಯಾಕೆ?

ಪ್ರಶ್ನೆ: ಟರ್ಕಿಯ ‘ತಕ್ವಾ’ (2006) ನೋಡಿದೆ. ಮುಹರ್ರೆಮ್ ಕದಿಯುವುದಿಲ್ಲ, ಹೆಣ್ಣಿನ ಹಿಂದೆ ಹೋಗುವುದಿಲ್ಲ. ಆದರೂ ಕೊನೆಗೆ ಬುದ್ಧಿಯ ಸ್ತಿಮಿತ ಕಳೆದುಕೊಳ್ಳುತ್ತಾನೆ. ಕನಸಿನಲ್ಲಿ ಬರುವ ಹೆಂಗಸೇ ಕಾರಣವೇ?

ಉತ್ತರ: ಹಾಗೆಂದುಕೊಳ್ಳುವವರು ಬಹಳ ಮಂದಿ. ಆದರೆ ಆ ಕನಸಿಗೆ ಅವನ ಧರ್ಮದಲ್ಲೇ ದಾರಿಯಿದೆ. ನಿದ್ದೆಯಲ್ಲಿರುವವನ ಮೇಲೆ ಪಾಪ ಬರೆಯುವುದಿಲ್ಲ ಎನ್ನುತ್ತದೆ ಹದೀಸ್, ಅಂದರೆ ಪ್ರವಾದಿಯವರ ನುಡಿ. ಸ್ಖಲನವಾಗಿದ್ದರೆ ಗುಸ್ಲ್ ಎಂಬ ಶುದ್ಧಿಸ್ನಾನ ಮಾಡಬೇಕು: ಬಾಯಿ ಮುಕ್ಕಳಿಸಿ, ಮೂಗಿಗೆ ನೀರೆಳೆದು, ಮೈಯಲ್ಲಿ ಎಲ್ಲೂ ಒಣಗಿದ ಜಾಗ ಉಳಿಯದಂತೆ ಸ್ನಾನ. ಆಮೇಲೆ ನಮಾಜಿಗೆ ನಿಲ್ಲಬಹುದು. ಇಸ್ತಾಂಬುಲ್‌ನ ಗೋಣಿಚೀಲದ ಅಂಗಡಿಯಲ್ಲಿ ದುಡಿಯುವ ಒಂಟಿ ಮನುಷ್ಯನಿಗೆ ಅಷ್ಟು ಸಾಕು.

ಕೆಡುವುದು ಬಾಡಿಗೆ ವಸೂಲಿಯಿಂದ. ಅವನ ಪ್ರಾಮಾಣಿಕತೆ ನೋಡಿಯೇ ಅವನ ಸೂಫಿ ಪಂಥದ ಗುರುವಾದ ಶೇಖ್, ಪಂಥದ ಆಸ್ತಿಗಳ ಬಾಡಿಗೆ ತರುವ ಈ ಕೆಲಸ ಒಪ್ಪಿಸುತ್ತಾರೆ. ಸೂಟು, ವಾಚು, ಮೊಬೈಲು, ಡ್ರೈವರ್ ಇರುವ ಕಾರು ಬರುತ್ತವೆ. ಒಬ್ಬ ಬಾಡಿಗೆದಾರ ಕುಡುಕ, ಆದರೆ ದುಡ್ಡು ಸರಿಯಾಗಿ ಕೊಡುತ್ತಾನೆ. ಇನ್ನೊಂದು ಕುಟುಂಬಕ್ಕೆ ಕೊಡುವ ಗತಿಯೇ ಇಲ್ಲ. ಬಿಟ್ಟುಬಿಡೋಣವೆಂದರೆ, ಪಂಥ ಸಾಕುತ್ತಿರುವ ವಿದ್ಯಾರ್ಥಿಗಳ ಖರ್ಚು ಅದೇ ಹಣದಿಂದ ನಡೆಯಬೇಕು. ಶೇಖ್ ಖಳನಾಯಕರಲ್ಲ, ಆ ವಿದ್ಯಾರ್ಥಿಗಳು ಉಣ್ಣುವ ಅನ್ನ ನಿಜವಾದ ಅನ್ನ. ಚಿತ್ರದ ದೊಡ್ಡ ಶಕ್ತಿ ಇದೇ ಎಂದು ನಮ್ಮ ಅಭಿಪ್ರಾಯ.

ಇಲ್ಲೇ ಗಂಟು ಬೀಳುವುದು. ಮುರೀದನಿಗೆ, ಅಂದರೆ ಸೂಫಿ ಶಿಷ್ಯನಿಗೆ, ಗುರುವಿನ ಮಾತು ಮೀರುವುದೂ ತಪ್ಪು, ಬಡವನನ್ನು ಹಿಂಡುವುದೂ ತಪ್ಪು. ಎರಡೂ ಕಡೆ ದೇವರೇ ನಿಂತಿದ್ದಾನೆ. ಇದನ್ನು ತೊಳೆಯುವ ಗುಸ್ಲ್ ಯಾವುದೂ ಇಲ್ಲ. ಮೊದಲು ನಿದ್ದೆಯಲ್ಲಿ ಕಾಡಿದ್ದು ಆಮೇಲೆ ಎಚ್ಚರದಲ್ಲೂ ಕಾಡತೊಡಗುತ್ತದೆ. ಮಲಗಿದ್ದವನಿಗೆ ಇದ್ದ ರಿಯಾಯಿತಿ ಎಚ್ಚರವಿದ್ದವನಿಗೆ ಇಲ್ಲವಲ್ಲ! ಶೇಖ್ ಅವರ ಬಲಗೈಯಂತಿರುವ ರವೂಫ್‌ಗೆ ಈ ಸಂಕಟವಿಲ್ಲ. ಅವನು ವ್ಯವಹಾರವನ್ನೂ ಪ್ರಾರ್ಥನೆಯನ್ನೂ ಬೇರೆಬೇರೆ ಇಡಬಲ್ಲ.

ಇನ್ನೊಂದು ಸಂಗತಿ ತಿಳಿದಿದ್ದರೆ ಕಥೆಗೆ ಬಿಗಿ ಹೆಚ್ಚುತ್ತದೆ. ಟರ್ಕಿ 1925ರ ನವೆಂಬರ್ 30ರಂದು 677ನೇ ಕಾನೂನಿನ ಮೂಲಕ ಸೂಫಿ ಪಂಥಗಳ ಕೇಂದ್ರಗಳನ್ನು ಮುಚ್ಚಿಸಿತು, ಶೇಖ್ ಎಂಬ ಬಿರುದನ್ನೂ ನಿಷೇಧಿಸಿತು. ಕಾನೂನಿನ ಕಣ್ಣಿಗೆ ಇಲ್ಲದ ಪಂಥ ತನ್ನ ಹಣವನ್ನು ನಂಬಿಕೆಯ ಮೇಲೆಯೇ ನಡೆಸಬೇಕು. ಹಾಗಾಗಿ ಅದಕ್ಕೆ ಲೆಕ್ಕ ಬಲ್ಲ ಜಾಣನಿಗಿಂತ ದೇವರಿಗೆ ಹೆದರುವವನೇ ಬೇಕು. ಮುಹರ್ರೆಮ್‌ನನ್ನು ಆರಿಸಿದ ಗುಣವೇ ಅವನನ್ನು ಮುರಿಯುತ್ತದೆ.

ಮತ್ತೊಮ್ಮೆ ನೋಡುವುದಾದರೆ ಕನಸಿನ ದೃಶ್ಯಗಳಿಗಿಂತ, ಬಾಡಿಗೆ ಕೇಳಲು ಬಾಗಿಲ ಬಳಿ ನಿಂತ ಮುಹರ್ರೆಮ್ ಪಾತ್ರಧಾರಿ ಎರ್ಕಾನ್ ಜಾನ್ ಅವರ ಮುಖವನ್ನು ಗಮನಿಸಿ.