ಮೂತ್ರಪಿಂಡ ಸೋತವರ ಎಂಆರ್‌ಐಗೆ ಕಬ್ಬಿಣದ ನ್ಯಾನೋಕಣ

ಗೋಕಾಕ, ರಾಯಬಾಗ, ಸವದತ್ತಿ ಕಡೆಯಿಂದ ಬೆಳಗಾವಿಗೆ ಎಂಆರ್‌ಐ ಮಾಡಿಸಲು ಬರುವ ಡಯಾಲಿಸಿಸ್ ರೋಗಿಗಳ ಕಾಗದಪತ್ರಗಳಲ್ಲಿ ನಾನು ಮೊದಲು ಹುಡುಕುವುದು ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಸೂಚಿಸುವ ಕ್ರಿಯಾಟಿನಿನ್ ಅಂಕಿಯನ್ನು. ಯಕೃತ್ತಿನಲ್ಲಿ ಗಂಟಿದೆ ಎಂಬ ಶಂಕೆಯಿಂದ ಬಂದಿದ್ದ ಒಬ್ಬರಿಗೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಭಾಗಗಳು ಬೇರೆಬೇರೆಯಾಗಿ ಕಾಣಲು ಸೂಜಿಯಲ್ಲಿ ಕೊಡುವ ಔಷಧ) ಕೊಡಲು ನಾನು ಹಿಂಜರಿದಾಗ, ಅವರ ಪತ್ನಿ “ಡೈ ಹಾಕೂದಿಲ್ಲಂದ್ರ ಗಂಟು ಹೆಂಗ ಕಾಣತೈತ್ರಿ ಸರ?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ.

ನಾವು ನಿತ್ಯ ಬಳಸುವ ಕಾಂಟ್ರಾಸ್ಟ್‌ನಲ್ಲಿರುವುದು ಗ್ಯಾಡೋಲಿನಿಯಂ ಎಂಬ ಲೋಹ. ಬಿಡಿಯಾಗಿದ್ದರೆ ಅದು ವಿಷವಾದ್ದರಿಂದ ಅದನ್ನು ರಾಸಾಯನಿಕ ಪಂಜರವೊಂದರಲ್ಲಿ ಬಂಧಿಸಿ ಕೊಡುತ್ತಾರೆ, ಮತ್ತು ಅದರ ಬಹುಪಾಲು ಮೂತ್ರಪಿಂಡಗಳ ಮೂಲಕವೇ ಹೊರಹೋಗುತ್ತದೆ. ಮೂತ್ರಪಿಂಡ ಸೋತಿದ್ದರೆ ಅದು ದಿನಗಟ್ಟಲೆ ಒಳಗೇ ಉಳಿಯುತ್ತದೆ. ಹಳೆಯ ಬಗೆಯ ಪಂಜರಗಳಾದರೆ ಲೋಹ ಸಡಿಲಗೊಂಡು, ಚರ್ಮ ಗಟ್ಟಿಯಾಗಿ ಕೀಲುಗಳು ಬಿಗಿಯುವ ಕಾಯಿಲೆ ಬರಬಹುದೆಂಬುದು 2006ರಲ್ಲಿ ಬೆಳಕಿಗೆ ಬಂದಿತು. ಹೊಸ ಬಗೆಯವುಗಳಲ್ಲಿ ಈ ಅಪಾಯ ತೀರ ಕಡಿಮೆ, ಯಾರೂ ಗಾಬರಿಯಾಗಬೇಕಿಲ್ಲ.

ಕಬ್ಬಿಣದ ನ್ಯಾನೋಕಣದ ದಾರಿಯೇ ಬೇರೆ. ಕೆಲವೇ ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಅಗಲದ ಕಬ್ಬಿಣದ ಆಕ್ಸೈಡ್ ತಿರುಳಿಗೆ ಸಕ್ಕರೆ ಜಾತಿಯ ಹೊದಿಕೆ ಇರುತ್ತದೆ. ಯಂತ್ರದ ಕಾಂತಕ್ಷೇತ್ರದಲ್ಲಿ ಬಲವಾಗಿ ಕಾಂತವಾಗುವ ಈ ಕಣ, ಹೊರಬಂದೊಡನೆ ಆ ಗುಣವನ್ನು ಕಳೆದುಕೊಳ್ಳುವುದರಿಂದ ಒಂದಕ್ಕೊಂದು ಅಂಟಿ ರಕ್ತದಲ್ಲಿ ಗಂಟುಕಟ್ಟುವುದಿಲ್ಲ. ಯಕೃತ್ತಿನಲ್ಲಿ ಹೊರಗಿನ ಕಣಗಳನ್ನು ಹಿಡಿದು ತೆರವುಮಾಡುವ ಕುಪ್ಫರ್ ಕೋಶಗಳು ಇದನ್ನು ನುಂಗುತ್ತವೆ, ನುಂಗಿದ ಭಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಆ ಕೋಶಗಳಿಲ್ಲದ ಕ್ಯಾನ್ಸರ್ ಗಡ್ಡೆ ಮಾತ್ರ ಎರೆಹೊಲದ ನಡುವಿನ ಸುಣ್ಣಕಲ್ಲಿನಂತೆ ಬೆಳ್ಳಗೆ ಉಳಿಯುತ್ತದೆ. ಬಳಿಕ ಕಬ್ಬಿಣವು ದೇಹದ ಸಂಗ್ರಹವನ್ನು ಸೇರಿ ಹಿಮೋಗ್ಲೋಬಿನ್ ತಯಾರಿಕೆಗೆ ಒದಗುತ್ತದೆ. ಮೂತ್ರಪಿಂಡಕ್ಕೆ ಇಲ್ಲಿ ಕೆಲಸವಿಲ್ಲ.

ಯಕೃತ್ತಿಗೆಂದೇ ಬಂದಿದ್ದ ಇಂಥ ಕೆಲವು ಔಷಧಗಳು ಮಾರುಕಟ್ಟೆಯಿಂದ ಹಿಂದೆ ಸರಿದವು. ಹೊದಿಕೆ ಸೇರಿ ಸುಮಾರು 30 ನ್ಯಾನೋಮೀಟರ್ ಗಾತ್ರದ, ಫೆರುಮಾಕ್ಸಿಟಾಲ್ ಎಂಬ ಇಂಥದೇ ಕಬ್ಬಿಣದ ಕಣದ ಔಷಧಕ್ಕೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತದ್ದು ಮೂತ್ರಪಿಂಡ ರೋಗಿಗಳ ರಕ್ತಹೀನತೆಗೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 15 ತಾಸು ಬೇಕಾಗುವುದರಿಂದ ರಕ್ತನಾಳಗಳ ಚಿತ್ರಕ್ಕೂ ತಜ್ಞರು ಅದನ್ನು ಬಳಸತೊಡಗಿದರು. ತೀವ್ರ ಅಲರ್ಜಿಯಿಂದ ಸಾವುಗಳು ಸಂಭವಿಸಿದ್ದರಿಂದ 2015ರಲ್ಲಿ ಎಚ್ಚರಿಕೆಯನ್ನು ಬಿಗಿಗೊಳಿಸಿ, ನಿಧಾನವಾಗಿ ಹನಿಸಿಯೇ ಕೊಡಬೇಕೆಂದು ವಿಧಿಸಲಾಯಿತು. ಸಿಟಿ ಚಿತ್ರಕ್ಕೆ ಚಿನ್ನದ ಕಣಗಳ ಪ್ರಯೋಗವೂ ನಡೆದಿದೆ. ಆದರೆ ಆರು ನ್ಯಾನೋಮೀಟರ್‌ಗಿಂತ ದೊಡ್ಡ ಕಣಗಳು ಮೂತ್ರದಲ್ಲಿ ಹೋಗದೆ ಯಕೃತ್ತು, ಗುಲ್ಮಗಳಲ್ಲಿ ಸೇರಿಕೊಳ್ಳುತ್ತವೆ, ಕಬ್ಬಿಣದಂತೆ ಚಿನ್ನವನ್ನು ದೇಹ ಬಳಸಿಕೊಳ್ಳಲಾರದು. ಹಾಗಾಗಿ ನನ್ನ ಒಲವು ಕಬ್ಬಿಣದ ಕಡೆಗೇ.

ಇದರಲ್ಲೂ ಒಂದು ತೊಡಕಿದೆ. ಫೆರುಮಾಕ್ಸಿಟಾಲ್ ಪಡೆದ ಮೇಲೆ ಮೂರು ತಿಂಗಳವರೆಗೂ ಎಂಆರ್‌ಐ ಚಿತ್ರ ಬದಲಾಗಿ ಕಾಣಬಹುದು. ರಕ್ತಹೀನತೆಗೆಂದು ಅದನ್ನು ಪಡೆದವರ ಯಕೃತ್ತು, ಕಬ್ಬಿಣ ಅತಿಯಾಗಿ ತುಂಬಿಕೊಂಡ ರೋಗದಲ್ಲಿರುವಂತೆಯೇ ಕಪ್ಪಾಗಿ ತೋರುತ್ತದೆ. ಸಿಟಿ, ಎಕ್ಸ್‌ರೇ, ಅಲ್ಟ್ರಾಸೌಂಡ್‌ಗಳಿಗೆ ಈ ಅಡ್ಡಿಯಿಲ್ಲ. ಆದ್ದರಿಂದ ಡಯಾಲಿಸಿಸ್ ರೋಗಿಗಳನ್ನು, ಇತ್ತೀಚೆಗೆ ಕಬ್ಬಿಣದ ಸೂಜಿ ಹಾಕಿಸಿಕೊಂಡಿದ್ದೀರಾ, ಅದರ ಹೆಸರೇನು ಎಂದು ತಪ್ಪದೆ ಕೇಳುತ್ತೇನೆ. ಚೀಟಿ ಮರೆತು ಬಂದಿದ್ದರೆ ಮನೆಯವರಿಗೆ ಫೋನ್ ಮಾಡಿಸಿ, ಅದರ ಫೋಟೋ ತರಿಸಿಕೊಂಡ ಮೇಲೆಯೇ ಯಂತ್ರದೊಳಗೆ ಮಲಗಿಸುತ್ತೇನೆ.