ದೊಡ್ಡ ಪುಸ್ತಕದಂಗಡಿಗಳು ಬಾಗಿಲು ಹಾಕಿದ ಕಥೆ

ಅಮೆರಿಕದ ಬಾರ್ಡರ್ಸ್ ಅಂಗಡಿಗಳು ಯಾಕೆ ಮುಚ್ಚಿದವು ಅಂತ ಯಾರನ್ನೇ ಕೇಳಿ, ‘ಅಮೆಜಾನ್ ಬಂತಲ್ಲ’ ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಅದೇ ಅಮೆಜಾನ್ ಎದುರಿಗೆ ಬಾರ್ನ್ಸ್ ಅಂಡ್ ನೋಬಲ್ ಅನ್ನುವ ಇನ್ನೊಂದು ಪುಸ್ತಕದಂಗಡಿ ಕಂಪನಿ ಇವತ್ತಿಗೂ ವ್ಯಾಪಾರ ಮಾಡುತ್ತಿದೆ, ಹೊಸ ಅಂಗಡಿಗಳನ್ನೂ ತೆರೆಯುತ್ತಿದೆ. ಹಾಗಾಗಿ ಕಥೆಯನ್ನು ಇನ್ನೂ ಸ್ವಲ್ಪ ಹಿಂದಿನಿಂದ ನೋಡಬೇಕು.

ಎರಡರ ಕಥೆಯೂ ಶುರುವಾಗುವುದು 1971ರಲ್ಲಿ. ಆ ವರ್ಷ ಲಿಯೊನಾರ್ಡ್ ರಿಗಿಯೊ ನ್ಯೂಯಾರ್ಕಿನಲ್ಲಿ ಸೊರಗಿ ಕೂತಿದ್ದ ಬಾರ್ನ್ಸ್ ಅಂಡ್ ನೋಬಲ್ ಅನ್ನು ಕೊಂಡರು. ಅದೇ ವರ್ಷ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ ಟಾಮ್ ಮತ್ತು ಲೂಯಿ ಬಾರ್ಡರ್ಸ್ ಎಂಬ ಅಣ್ಣತಮ್ಮಂದಿರು ಅಂಗಡಿ ತೆರೆದರು. ರಿಗಿಯೊ ರಿಯಾಯಿತಿಯನ್ನು ನಂಬಿದರು, ಬಾರ್ಡರ್ಸ್ ಸೋದರರು ಲೆಕ್ಕವನ್ನು. ಯಾವ ಅಂಗಡಿಯಲ್ಲಿ ಯಾವ ಪುಸ್ತಕ ಎಷ್ಟು ಹೋಗುತ್ತದೆ ಅಂತ ಅಂದಾಜು ಹಾಕುವ ವ್ಯವಸ್ಥೆಯನ್ನು ಅವರೇ ಕಟ್ಟಿಕೊಂಡಿದ್ದರು. ಕೆಲಸ ಕೇಳಿಕೊಂಡು ಬಂದವರಿಗೆ ಪುಸ್ತಕಗಳ ಬಗ್ಗೆ ಪರೀಕ್ಷೆ ಬೇರೆ ಇರುತ್ತಿತ್ತು.

1992ರಲ್ಲಿ ಕೆಮಾರ್ಟ್ ಅನ್ನುವ ದೊಡ್ಡ ಚಿಲ್ಲರೆ ಅಂಗಡಿಗಳ ಕಂಪನಿ ಬಾರ್ಡರ್ಸ್ ಅನ್ನು ಕೊಂಡಿತು. ಮೂರೇ ವರ್ಷಕ್ಕೆ, ಮಾಲ್‌ಗಳಲ್ಲಿದ್ದ ತನ್ನ ವಾಲ್ಡನ್‌ಬುಕ್ಸ್ ಪುಸ್ತಕದಂಗಡಿಗಳ ಜೊತೆ ಸೇರಿಸಿ ಬೇರೆ ಕಂಪನಿ ಮಾಡಿ ಹೊರಗೆ ಬಿಟ್ಟಿತು. ಅಷ್ಟು ಹೊತ್ತಿಗೆ ದೊಡ್ಡ ಅಂಗಡಿಗಳನ್ನು ತೆರೆಯುವ ಓಟ ಶುರುವಾಗಿತ್ತು. ಒಂದೊಂದರಲ್ಲೂ ಸಾವಿರಾರು ಚದರ ಅಡಿ ಜಾಗ, ಸೋಫಾ, ಕಾಫಿ, ಸಿಡಿಗಳ ದೊಡ್ಡ ವಿಭಾಗ. ಕೊಳ್ಳದೇ ಗಂಟೆಗಟ್ಟಲೆ ಓದುತ್ತಾ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ. ಸುತ್ತಲಿನ ಸಣ್ಣ ಅಂಗಡಿಗಳು ಒಂದೊಂದಾಗಿ ಮುಚ್ಚಿಕೊಂಡವು. 1998ರಲ್ಲಿ ಸಣ್ಣ ಅಂಗಡಿಗಳ ಸಂಘ ಬಾರ್ಡರ್ಸ್ ಮತ್ತು ಬಾರ್ನ್ಸ್ ಅಂಡ್ ನೋಬಲ್ ಎರಡರ ಮೇಲೂ ಕೇಸು ಹಾಕಿತು. ಅವತ್ತಿನ ಮಟ್ಟಿಗೆ ಪುಸ್ತಕಪ್ರೇಮಿಗಳ ಕಣ್ಣಲ್ಲಿ ಖಳನಾಯಕರು ಇವರೇ. ಈಗ ನೆನಪಿಸಿಕೊಂಡರೆ ನಗು ಬರುತ್ತದೆ, ಅಲ್ವಾ?

ಈ ಓಟ ಹೇಗೆ ಸಾಧ್ಯವಾಯಿತು ಅನ್ನುವುದು ನನಗೆ ಮುಖ್ಯ. ಪುಸ್ತಕ ವ್ಯಾಪಾರದಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಮಾರಾಟವಾಗದ ಪುಸ್ತಕವನ್ನು ಅಂಗಡಿ ಪ್ರಕಾಶಕರಿಗೆ ವಾಪಸ್ ಕಳಿಸಬಹುದು, ದುಡ್ಡು ಖಾತೆಗೆ ಜಮಾ ಆಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ವ್ಯಾಪಾರ ಕುಸಿದಿದ್ದಾಗ ಅಂಗಡಿಯವರಿಗೆ ಧೈರ್ಯ ಬರಲಿ ಅಂತ ಮಾಡಿದ ಏರ್ಪಾಡು ಅದು. ಕಷ್ಟಕಾಲ ಮುಗಿಯಿತು, ಪದ್ಧತಿ ಉಳಿಯಿತು. ಅಗ್ಗದ ಪೇಪರ್‌ಬ್ಯಾಕ್ ಆದರೆ ಇಡೀ ಪುಸ್ತಕ ಕಳಿಸುವುದೂ ಬೇಡ. ಮುಖಪುಟ ಹರಿದು ಅದನ್ನಷ್ಟೇ ಕಳಿಸಿ ಉಳಿದದ್ದನ್ನು ರದ್ದಿಗೆ ಹಾಕಿದರಾಯ್ತು. ಹಳೆಯ ಅಮೆರಿಕನ್ ಪೇಪರ್‌ಬ್ಯಾಕ್ ಸಿಕ್ಕರೆ ಮೊದಲ ಪುಟಗಳನ್ನು ತಿರುವಿ ನೋಡಿ. ಮುಖಪುಟ ಇಲ್ಲದೆ ಈ ಪುಸ್ತಕ ಕೊಂಡಿದ್ದರೆ ಅದು ಕದ್ದ ಮಾಲಿರಬಹುದು ಅನ್ನುವ ಎಚ್ಚರಿಕೆ ಸಣ್ಣಕ್ಷರದಲ್ಲಿ ಇರುತ್ತದೆ.

ಈ ಓಟಕ್ಕೆ ನೆರವಾದ ಎರಡನೆಯ ಸಂಗತಿ, ಮೇಜು. ಬಾಗಿಲು ದಾಟಿದ ಕೂಡಲೇ ಎದುರಾಗುವ ಮೇಜಿನ ಮೇಲೆ ಗೋಪುರದ ಹಾಗೆ ಪೇರಿಸಿದ ಪುಸ್ತಕಗಳು. ಅಂಗಡಿಯವರು ಮೆಚ್ಚಿ ಆರಿಸಿದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಜಾಗಕ್ಕೆ ಪ್ರಕಾಶಕರು ದುಡ್ಡು ಕೊಟ್ಟಿರುತ್ತಿದ್ದರು. ಕಪಾಟಿನ ತುದಿಗೂ, ಕಿಟಕಿಗೂ ಹೀಗೇ. ಕಾಗದದ ಮೇಲೆ ಇದು ಜಾಹೀರಾತಿನ ಖರ್ಚು, ಯಾವ ಕಾನೂನೂ ಮುರಿದಿಲ್ಲ. ಆದರೆ ಬಾಡಿಗೆ ಬರುವ ಜಾಗದಲ್ಲಿ ಏನಿಡಬೇಕು ಅಂತ ತಲೆ ಕೆಡಿಸಿಕೊಳ್ಳುವವರು ಯಾರು? ಊರೂರಿಗೂ ಒಂದೇ ಮೇಜು, ಒಂದೇ ಗೋಪುರ. ಮಾರಾಟವಾಗದ್ದು ಹೇಗೂ ವಾಪಸ್. ಪುಸ್ತಕ ಗೊತ್ತಿದ್ದ ನೌಕರನಿಗೆ ಡಬ್ಬ ಬಿಚ್ಚುವುದು, ಡಬ್ಬ ಕಟ್ಟುವುದೇ ಕೆಲಸವಾಯಿತು.

ಆನ್‌ಲೈನ್ ವ್ಯಾಪಾರ ಬಂದು ಹೊಡೆದದ್ದು ಇಂಥ ಅಂಗಡಿಗಳನ್ನು. 1995ರಲ್ಲಿ ಅಮೆಜಾನ್ ಶುರುವಾಯಿತು. ರಾಜ್ಯದೊಳಗೆ ಅಂಗಡಿ, ಗೋದಾಮು ಏನೂ ಇಲ್ಲದ ವ್ಯಾಪಾರಿ ಅಲ್ಲಿಯ ಮಾರಾಟ ತೆರಿಗೆ ವಸೂಲಿ ಮಾಡಬೇಕಿಲ್ಲ ಅಂತ 1992ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ ಎಷ್ಟೋ ರಾಜ್ಯಗಳಲ್ಲಿ ತೆರಿಗೆಯಷ್ಟು ಅಗ್ಗಕ್ಕೆ ಮಾರಲು ಅಮೆಜಾನ್‌ಗೆ ಸಾಧ್ಯವಿತ್ತು. ಆ ನಿಯಮ ಬದಲಾದದ್ದು 2018ರಲ್ಲಿ. 2001ರಲ್ಲಿ ಬಾರ್ಡರ್ಸ್ ತನ್ನ ಆನ್‌ಲೈನ್ ವ್ಯಾಪಾರವನ್ನೇ ಅಮೆಜಾನ್ ಕೈಗೆ ಕೊಟ್ಟುಬಿಟ್ಟಿತು. ವೆಬ್‌ಸೈಟು ನಷ್ಟದಲ್ಲಿತ್ತು, ತಲೆನೋವು ಕಳೆದರೆ ಸಾಕು ಅನ್ನಿಸಿತ್ತು. ಅವತ್ತಿಗೆ ಅದು ಪೆದ್ದತನ ಅಂತ ಅನ್ನಿಸದೇ ಇದ್ದಿರಬಹುದು. ಮತ್ತೆ ಸ್ವಂತ ವೆಬ್‌ಸೈಟು ತೆರೆಯುವ ಹೊತ್ತಿಗೆ 2008 ಆಗಿತ್ತು. ಇ-ಪುಸ್ತಕ ಓದುವ ಅಮೆಜಾನ್‌ನ ಸಾಧನ ಕಿಂಡಲ್ ಆಗಲೇ ಬಂದಿತ್ತು, ಸಿಡಿ ಕೊಳ್ಳುವವರು ಕಡಿಮೆಯಾಗಿದ್ದರು. ದೊಡ್ಡ ಜಾಗಗಳ ಬಾಡಿಗೆ ಕರಾರು ಮಾತ್ರ ವರ್ಷಗಟ್ಟಲೆ ಬಾಕಿ ಇತ್ತು.

2011ರ ಫೆಬ್ರುವರಿಯಲ್ಲಿ ಬಾರ್ಡರ್ಸ್ ದಿವಾಳಿ ಅರ್ಜಿ ಹಾಕಿತು. ಪೆಂಗ್ವಿನ್ ಅನ್ನುವ ಪ್ರಕಾಶನ ಸಂಸ್ಥೆ ಒಂದಕ್ಕೇ 4 ಕೋಟಿ ಡಾಲರಿಗೂ ಜಾಸ್ತಿ ಬಾಕಿ. ಕೊಳ್ಳುವವರು ಸಿಗಲಿಲ್ಲ. ಜುಲೈನಲ್ಲಿ ಉಳಿದಿದ್ದ 399 ಅಂಗಡಿಗಳ ಸರಕು ಖಾಲಿ ಮಾಡುವ ಮಾರಾಟ ಶುರುವಾಯಿತು, ಸುಮಾರು 10,700 ಜನರ ಕೆಲಸ ಹೋಯಿತು. ಕೊನೆಗೆ ಕಪಾಟುಗಳನ್ನೂ ಮಾರಿದರು. ಷಿಕಾಗೋದ ಒಂದು ಅಂಗಡಿಯಲ್ಲಿ ಯಾರೋ ಬೋರ್ಡು ಹಾಕಿದ್ದರು: ಇಲ್ಲಿ ಶೌಚಾಲಯ ಇಲ್ಲ, ಅಮೆಜಾನ್‌ನಲ್ಲಿ ನೋಡಿ.

ಬ್ರಿಟನ್ನಿನಲ್ಲಿ ದಾರಿ ಬೇರೆ. ಅಲ್ಲಿ ಪುಸ್ತಕದ ಬೆಲೆ ಇಳಿಸಬಾರದು ಅನ್ನುವ ಒಪ್ಪಂದ 1900ರಿಂದ ಇತ್ತು, 1995ರಲ್ಲಿ ಮುರಿದುಬಿತ್ತು. ಸೂಪರ್‌ಮಾರ್ಕೆಟ್‌ಗಳೂ ಅಗ್ಗದ ಪುಸ್ತಕ ಮಾರತೊಡಗಿದವು. ಅಲ್ಲಿನ ದೊಡ್ಡ ಪುಸ್ತಕದಂಗಡಿ ಕಂಪನಿ ವಾಟರ್‌ಸ್ಟೋನ್ಸ್ ಮುಳುಗುವ ಹಂತಕ್ಕೆ ಬಂದಿತ್ತು. 2011ರಲ್ಲಿ ಅದನ್ನು ವಹಿಸಿಕೊಂಡ ಜೇಮ್ಸ್ ಡಾಂಟ್ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಮೇಜಿಗೆ ಪ್ರಕಾಶಕರಿಂದ ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದು. ಕೈಗೆ ಬರುತ್ತಿದ್ದ ಹಣವನ್ನು ಬೇಡ ಅಂದರು. ಏನಿಡಬೇಕು ಅನ್ನುವುದನ್ನು ಆಯಾ ಅಂಗಡಿಯವರಿಗೆ ಬಿಟ್ಟರು. ವಾಪಸ್ ಹೋಗುವ ಡಬ್ಬಗಳು ಬಹಳ ಕಡಿಮೆಯಾದವು.

2019ರಲ್ಲಿ ಡಾಂಟ್ ಬಾರ್ನ್ಸ್ ಅಂಡ್ ನೋಬಲ್‌ಗೂ ಮುಖ್ಯಸ್ಥರಾದರು. ಕೋವಿಡ್‌ನಿಂದ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ನೌಕರರು ಕಪಾಟುಗಳನ್ನು ಎಳೆದಾಡಿ ಅಂಗಡಿಗಳನ್ನು ಹೊಸದಾಗಿ ಜೋಡಿಸಿದರು. ಈಚೆಗೆ ತೆರೆಯುವ ಅಂಗಡಿಗಳು ಮೊದಲಿನಷ್ಟು ದೊಡ್ಡವಲ್ಲ. ಈ ನಡುವೆ ಅಮೆಜಾನ್ ಕೂಡ 2015ರಲ್ಲಿ ಇಟ್ಟಿಗೆ ಗೋಡೆಯ ಪುಸ್ತಕದಂಗಡಿ ತೆರೆದಿತ್ತು. 2022ರಲ್ಲಿ ಎಲ್ಲವನ್ನೂ ಮುಚ್ಚಿತು. ಮ್ಯಾಸಚೂಸೆಟ್ಸ್‌ನಲ್ಲಿ ಹಾಗೆ ಖಾಲಿಯಾದ ಎರಡು ಜಾಗಗಳಿಗೆ ಬಾಡಿಗೆಗೆ ಬಂದದ್ದು ಬಾರ್ನ್ಸ್ ಅಂಡ್ ನೋಬಲ್.